ಹಿತ್ತಲಲ್ಲಿ ಕೈ ತೊಳೆಯುವ ಹೊತ್ತು

ಐಮಂಗಲದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಮೌಲಾ ಸಾಬರ ಪಂಚರ್ ಅಂಗಡಿ, ಅದರ ಬೆನ್ನಿಗೆ ಸುವಾರ್ತಮ್ಮನ ಮನೆ. ಮನೆ ಅಂದರೂ ಅದೇ, ಊಟದ ಮನೆ ಅಂದರೂ ಅದೇ. ಬೋರ್ಡು ಇರಲಿಲ್ಲ. ನಡುಮನೆಯಲ್ಲಿ ಎರಡು ಚಾಪೆ, ಮೂಲೆಯಲ್ಲಿ ನೀರಿನ ಹಂಡೆ, ಗೋಡೆಯ ಮೇಲೆ ತೀರಿಹೋದ ಯಜಮಾನರು ಕಟ್ಟು ಹಾಕಿಸಿದ್ದ ಬೈಬಲಿನ ಒಂದು ವಚನ. ಮಧ್ಯಾಹ್ನ ಒಂದು ಗಂಟೆಗೆ ಮುದ್ದೆ, ಸಾರು, ಒಂದಿಷ್ಟು ಅನ್ನ, ಮಜ್ಜಿಗೆ. ಭಾನುವಾರ ಊಟವಿಲ್ಲ. ಅವತ್ತು ಸುವಾರ್ತಮ್ಮ ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಆರಾಧನೆಗೆ ಹೋಗುತ್ತಿದ್ದರು. ಹೆದ್ದಾರಿಯಲ್ಲಿ ಭಾನುವಾರವೇ ಲಾರಿ ಹೆಚ್ಚು, ಒಲೆ ಆರಿಸಬೇಡಿ ಎಂದು ಹೇಳಿದವರು ಬಹಳ. ಅವರೆಲ್ಲರಿಗೂ ಸುವಾರ್ತಮ್ಮ ಸೋಮವಾರ ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು.

ಆ ಮನೆಯ ಊಟಕ್ಕೆ ಒಂದು ಕಟ್ಟಳೆ ಇತ್ತು. ತಟ್ಟೆಗೆ ಮುದ್ದೆ ಬಿದ್ದ ಮೇಲೆ ಸುವಾರ್ತಮ್ಮ ತಲೆಗೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ತೋತ್ರ ಹೇಳಬೇಕು. ಅದು ಮುಗಿಯುವ ತನಕ ಯಾರೂ ಮುದ್ದೆಗೆ ಬೆರಳು ಹಾಕುವಂತಿಲ್ಲ. ರಸ್ತೆ ಗ್ಯಾಂಗಿನ ಮೇಸ್ತ್ರಿ ದುರುಗಣ್ಣ ಬಂದ ಮೊದಲ ದಿನ ತಿಳಿಯದೆ ಮುರಿದ. ಸುವಾರ್ತಮ್ಮ ಮಗುವಿನ ಮುಂದಿನಿಂದ ತೆಗೆದ ಹಾಗೆ ತಟ್ಟೆ ಎಳೆದುಕೊಂಡು, ಸ್ತೋತ್ರ ಮುಗಿಸಿ, ಮತ್ತೆ ಮುಂದಿಟ್ಟರು. ಅವನು ಎದ್ದು ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಎದ್ದು ಹೋಗಲಿಲ್ಲ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಸ್ತೋತ್ರ ಉದ್ದದ್ದೇನಲ್ಲ. ಮೊದಲು ಅನ್ನಕ್ಕೆ, ಆಮೇಲೆ ಉಣ್ಣುವವರಿಗೆ. ಒಬ್ಬೊಬ್ಬರ ಹೆಸರು ಹಿಡಿದು, ಅವರವರ ತಾಪತ್ರಯ ಹೇಳಿ, ಅದೂ ಮುಚ್ಚುಮರೆ ಇಲ್ಲದೆ. ದಿನಾ ಉಣ್ಣುವವರು ಇದಕ್ಕೆ ಅಮ್ಮನ ಅರ್ಜಿ ಎಂದು ಹೆಸರಿಟ್ಟಿದ್ದರು. "ಅಮ್ಮ ಅರ್ಜಿ ಹಾಕೋ ಹೊತ್ತಾತು, ಟೋಪಿ ಸರಿ ಮಾಡ್ಕಳ್ರಿ ಸಾಬ್ರೆ," ಎಂದು ದುರುಗಣ್ಣ ಕೆಣಕುವನು. "ನಿಂದು ಎಂಟು ವರ್ಷದಿಂದ ಪೆಂಡಿಂಗ್ ಐತೆ, ಮೊದ್ಲು ಅದನ್ನ ನೋಡ್ಕಳಪ್ಪ," ಎಂದು ಮೌಲಾ ಸಾಬರು. ದುರುಗಣ್ಣನ ಅರ್ಜಿ ಹೆಂಡದಂಗಡಿಗೆ ಸಂಬಂಧಪಟ್ಟದ್ದು.

ಜುಂಜಣ್ಣ ಉಣ್ಣೆ ಸೊಸೈಟಿ ಗೋದಾಮಿನ ಕಾವಲುಗಾರ. ಕುರಿಗಳನ್ನು ಮಕ್ಕಳಿಗೆ ಬಿಟ್ಟು ಬಂದಿದ್ದರೂ ಬಾಯಲ್ಲಿ ಕುರಿಯದೇ ಮಾತು. ಮೊದಲ ತಿಂಗಳು ಅವನು ತನ್ನದೇ ತಟ್ಟೆ ತಂದು ಜಗಲಿಯ ಮೇಲೆ ಕುಳಿತು ಉಂಡ. ಯಾಕೆಂದು ಸುವಾರ್ತಮ್ಮ ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಸ್ತೋತ್ರವನ್ನು ಮಾತ್ರ ಜಗಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಮಳೆ ಬಂದ ಒಂದು ದಿನ ತಟ್ಟೆ ಹಿಡಿದು ಒಳಗೆ ಬಂದವನು ಮತ್ತೆ ಹೊರಗೆ ಕೂರಲಿಲ್ಲ.

ಮೌಲಾ ಸಾಬರ ಹೆಂಡತಿ ಮಕ್ಕಳು ದುರ್ಗದಲ್ಲಿ, ಅವರ ಅಂಗಡಿ ಇಲ್ಲಿ. ಆರು ವರ್ಷದ ಕೆಳಗೆ ಒಂದು ದಿನ ಜಾಕು ಜಾರಿ ಅವರ ಎಡಗೈಯ ಎರಡು ಬೆರಳು ಲಾರಿಯ ಗಾಲಿಗೆ ಸಿಕ್ಕಿದವು. ಸುವಾರ್ತಮ್ಮನೇ ಸೆರಗು ಹರಿದು ಕಟ್ಟಿ, ಅದೇ ಹೊತ್ತಿಗೆ ಬಂದ ಇನ್ನೊಂದು ಲಾರಿ ಹತ್ತಿಸಿ, ಪಕ್ಕದಲ್ಲಿ ಕುಳಿತು ದುರ್ಗದ ಆಸ್ಪತ್ರೆಗೆ ಕರೆದೊಯ್ದರು. ಬೆರಳು ಉಳಿಯಲಿಲ್ಲ. ಅವತ್ತಿನಿಂದ ಸ್ತೋತ್ರದಲ್ಲಿ ಜಾಕಿನದೊಂದು ಮಾತು ಸೇರಿತು.

ಸೊಸೆ ದೀನಾ ಇದನ್ನೆಲ್ಲ ಮದುವೆಯಾಗಿ ಬಂದ ವರ್ಷ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಗಂಡ ಜಯಶೀಲನ ಕೈ ಹಿಡಿದು ನಕ್ಕಿದ್ದೂ ಉಂಟು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿದವಳಿಗೆ, ಪಂಚರ್ ಅಂಗಡಿಯ ಜಾಕು ದೇವರ ಕಿವಿಗೆ ಬೀಳುವುದು ಆಗ ಚೆಂದವಾಗಿಯೇ ಕಂಡಿತ್ತು. ಎರಡು ವರ್ಷದ ಹಿಂದೆ ಜಯಶೀಲ ಕಾಮಾಲೆಯಾಗಿ ಮಲಗಿದ. ಹನ್ನೊಂದು ದಿನ ಅವಳು ಪ್ರಾರ್ಥನೆಗೆ ಮಂಡಿಯೂರಿದ್ದಳು. ಹನ್ನೆರಡನೆಯ ದಿನ ಅವನು ಇರಲಿಲ್ಲ. ಆಮೇಲೆ ಅವಳು ಅಳಲೂ ಇಲ್ಲ, ಮಂಡಿಯೂರಲೂ ಇಲ್ಲ. ಮುದ್ದೆ ಬಡಿಸಿ ಮುಗಿದೊಡನೆ ಕೈಗೆ ಹಿಟ್ಟು ಮೆತ್ತಿದೆ ಎಂದು ಹಿತ್ತಲಿಗೆ ಹೋಗುವಳು. ಕಲ್ಲಿನ ಮೇಲೆ ನಿಂತು, ಒಳಗೆ ಆಮೆನ್ ಆಗುವ ತನಕ ಕೈ ತೊಳೆಯುವಳು. ನೀರಿನ ಸದ್ದಿಗೆ ಒಳಗಿನ ಮಾತು ಕೇಳಿಸದು, ಎಲ್ಲರೂ ಕೂಡಿ ಅನ್ನುವ ಆಮೆನ್ ಮಾತ್ರ ಕೇಳಿಸುವುದು. ಕೈ ಯಾವತ್ತೋ ಶುದ್ಧವಾಗಿರುತ್ತಿತ್ತು. ಆಮೇಲೆ ಬಂದು ಸಾರು ಹಾಕುವಳು. ಅತ್ತೆ ಒಂದು ದಿನವೂ ಎಲ್ಲಿದ್ದೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ದೀನಾ, ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದಳು.

ಎಪ್ಪತ್ತನಾಲ್ಕರ ಮೇ ತಿಂಗಳು. ರೈಲು ಮುಷ್ಕರದಿಂದ ಸರಕೆಲ್ಲ ರಸ್ತೆಗೆ ಬಿದ್ದು, ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿ. ಹೊಸದುರ್ಗದಲ್ಲಿ ಹೊಸದಾಗಿ ತೆರೆಯುವ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಮಾಜ ಪಾಠ ಹೇಳುವವರು ಬೇಕಾಗಿದ್ದಾರೆಂದು ದೀನಾ ಪೇಪರಿನಲ್ಲಿ ಕಂಡಳು. ಅರ್ಜಿ ಬರೆದಳು, ಕರೆ ಬಂತು. ಈ ಕೆಲಸ ಸಿಕ್ಕರೆ ಅಲ್ಲೊಂದು ಮನೆ ಹಿಡಿದು ಅತ್ತೆಯ ಕೈಯಿಂದ ಹಿಟ್ಟಿನ ಕೋಲು ಬಿಡಿಸಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ನಿಜವಾದದ್ದು, ಮಧ್ಯಾಹ್ನ ಒಂದು ಗಂಟೆಗೆ ಹಿತ್ತಲಿಲ್ಲದ ಒಂದು ಜಾಗದಲ್ಲಿ ಇರಬೇಕು ಎನ್ನುವುದು. ಎರಡು ವರ್ಷದಲ್ಲಿ ಅವಳು ಆಸೆಪಟ್ಟ ಒಂದೇ ಸಂಗತಿ ಅದು.

ಹಿರಿಯೂರಿಗೆ ಹೋಗಿ ಬಸ್ಸು ಬದಲಾಯಿಸಿ ಹೊಸದುರ್ಗ ಮುಟ್ಟಿದಳು. ಶಾಲೆಯ ಕಮಿಟಿಯವರು ನಾಲ್ವರು ಒಂದು ಅಕ್ಕಿ ಗಿರಣಿಯ ಮಾಳಿಗೆಯಲ್ಲಿ ಕುಳಿತಿದ್ದರು. ಹೊಳಲ್ಕೆರೆಯಿಂದ ಬಂದ ಇನ್ನೊಬ್ಬಳು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಕಾರ್ಯದರ್ಶಿ ಕಾಟಲಿಂಗಪ್ಪನವರು ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಖಾದಿ, ಹಣೆ ಬರಿದು. ಜಾತಿ ಕೇಳುವವರನ್ನು ಕಂಡರೆ ಆಗದು, ದೇವರನ್ನು ಕಂಡರಂತೂ ಇನ್ನೂ ಆಗದು ಎಂದು ಊರೆಲ್ಲ ಹೇಳುತ್ತಿತ್ತು. ಓದಿನ ಬಗ್ಗೆ ಕೇಳಿದರು, ಒಪ್ಪಿಗೆಯಾದಂತೆ ತಲೆಯಾಡಿಸಿದರು. ಆಮೇಲೆ ಕಾಗದ ಪಕ್ಕಕ್ಕಿಟ್ಟರು.

"ನೋಡಮ್ಮ, ನಮ್ ಶಾಲೆಗೆ ಯಾವ ದೇವರೂ ಬರಂಗಿಲ್ಲ. ಗಣಪತಿನೂ ಇಲ್ಲ, ನಿಮ್ಮೋನೂ ಇಲ್ಲ. ನೀವು ಊಟಕ್ಕೆ ಮುಂಚೆ ಕಣ್ಣು ಮುಚ್ಚೋ ಪೈಕಿನೋ?"

"ಇಲ್ಲ ಸರ್," ಎಂದಳು ದೀನಾ. "ಅದೆಲ್ಲ ನಮ್ಮ ಅತ್ತೆಗೆ. ವಯಸ್ಸಾದವರು."

ನಿಜವೇ ಆದ್ದರಿಂದ ಮಾತು ಸಲೀಸಾಗಿ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ನಾಲ್ವರ ಮುಖದಲ್ಲಿ ಇನ್ನೂ ಸ್ವಲ್ಪ ಅನುಮಾನ ಉಳಿದಿತ್ತು, ಹೊರಗಿನ ಬೆಂಚಿನ ಮೇಲೆ ಹೊಳಲ್ಕೆರೆಯವಳು ಕೆಮ್ಮಿದಳು. "ಅವರಿಗೆ ಲಾರಿ ಟೈರಿಗೂ ಪ್ರಾರ್ಥನೆ ಆಗಬೇಕು ಸರ್," ಎಂದು ದೀನಾ ನಗುತ್ತ ಸೇರಿಸಿದಳು. ನಾಲ್ವರೂ ನಕ್ಕರು. ಒಬ್ಬರು ಮೇಜು ತಟ್ಟಿ ನಕ್ಕರು. ಅವಳೂ ನಕ್ಕಳು. ತನ್ನ ನಗುವನ್ನು ತಾನು ಕೇಳಿಸಿಕೊಂಡು ಬಹಳ ದಿನವಾಗಿತ್ತು.

ಕಾಟಲಿಂಗಪ್ಪನವರಿಗೆ ಹುಡುಗಿ ಹಿಡಿಸಿದ್ದಳು. ಗುರುವಾರ ದುರ್ಗದಲ್ಲಿ ಕೆಲಸವಿದೆ, ಬರುವಾಗ ಐಮಂಗಲದಲ್ಲಿ ಇಳಿಯುತ್ತೇನೆ, ನಿಮ್ಮ ಮನೆಯ ಮುದ್ದೆ ಉಂಡು ಉಳಿದದ್ದು ಮಾತಾಡೋಣ ಎಂದರು. ಯಾರ ಮನೆಯಲ್ಲಿ ಬೇಕಾದರೂ ಉಣ್ಣುತ್ತೇನೆ ಎಂದು ತೋರಿಸುವುದು ಅವರಿಗೊಂದು ಹೆಮ್ಮೆ.

ಗುರುವಾರ ಬೆಳಿಗ್ಗೆ ದೀನಾ ನಡುಮನೆ ಸಾರಿಸಿದಳು. ಚಾಪೆ ಒದರಿದಳು. ಗೋಡೆಯ ಮೇಲಿನ ವಚನವನ್ನು ಎರಡು ಸಲ ನೋಡಿದಳು, ಮುಟ್ಟಲಿಲ್ಲ. ಆಮೇಲೆ ಒಲೆಯ ಮುಂದೆ ಹೋದಳು. ಸುವಾರ್ತಮ್ಮ ಪಾತ್ರೆಯನ್ನು ಎರಡು ಕಾಲಿನ ನಡುವೆ ಅದುಮಿಟ್ಟುಕೊಂಡು ಹಿಟ್ಟು ತಿರುವುತ್ತಿದ್ದರು. ಬೆನ್ನೆಲ್ಲ ಬೆವರು.

ಇವತ್ತು ಒಂದು ದಿನ ಸ್ತೋತ್ರವನ್ನು ಒಳಗೇ, ಮೆತ್ತಗೆ ಹೇಳಿಕೊಳ್ಳಿ ಎಂದು ಅವಳು ಕೇಳಿದಳು. ಸುವಾರ್ತಮ್ಮ ಕೋಲು ನಿಲ್ಲಿಸಲಿಲ್ಲ.

"ಅವರು ಹಂಗಂದ್ರಾ, ಇಲ್ಲ ನೀನು ಹೇಳ್ತಾ ಇದೀಯಾ ಮಗಾ?"

"ಅವರೇ ಹೇಳಿಕಳಿಸಿದ್ದಾರೆ ಅತ್ತೆ."

ಸುವಾರ್ತಮ್ಮ ಕೋಲಿಗೆ ಮೆತ್ತಿದ್ದ ಹಿಟ್ಟನ್ನು ಒದ್ದೆ ಬೆರಳಲ್ಲಿ ಸವರಿ ತೆಗೆದರು. "ಆಗ್ಲಿ. ಒಳಗಿಂದ ಹೇಳಿದ್ರೂ ಕರ್ತನಿಗೆ ಕೇಳಸ್ತೈತೆ," ಎಂದರು. ಅಷ್ಟೇ. ಸಿಟ್ಟು ಮಾಡಿಕೊಂಡಿದ್ದರೆ ದೀನಾ ವಾದ ಹೂಡುತ್ತಿದ್ದಳು. ಅದಕ್ಕೆ ಬೇಕಾದ ಮಾತುಗಳನ್ನು ಎರಡು ದಿನದಿಂದ ಜೋಡಿಸಿಟ್ಟಿದ್ದಳು. ಅವು ಹಾಗೇ ಉಳಿದವು.

ಕಾಟಲಿಂಗಪ್ಪನವರು ಸರಿಯಾಗಿ ಒಂದಕ್ಕೆ ಬಂದರು. ಮೂವರು ಆಗಲೇ ಕುಳಿತಿದ್ದರು. ದೊಡ್ಡವರು ಬರುತ್ತಾರೆಂದು ದುರುಗಣ್ಣ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ. ಕಾಟಲಿಂಗಪ್ಪನವರು ಎಲ್ಲರನ್ನೂ ಊರು ಹೆಸರು ಕೇಳಿ ಮಾತಾಡಿಸಿ, ಚಾಪೆಯ ಮೇಲೆ ಜುಂಜಣ್ಣನ ಪಕ್ಕದಲ್ಲೇ ಕುಳಿತರು. ಸುವಾರ್ತಮ್ಮ ಅವರಿಗೆ ಕೈಮುಗಿದು, ನಾಲ್ಕು ತಟ್ಟೆಗೂ ಮುದ್ದೆ ಹಾಕಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಹೊಗೆ ಹೋಗಲೆಂದು ಸದಾ ತೆರೆದಿರುತ್ತಿದ್ದ ಬಾಗಿಲು ಅದು. ಕೀಲು ಕಿರುಗುಟ್ಟಿತು. ಆ ಮನೆಗೆ ಬಂದ ಮೇಲೆ ಆ ಬಾಗಿಲ ಸದ್ದನ್ನು ದೀನಾ ಮೊದಲ ಸಲ ಕೇಳಿದಳು.

ಹಿತ್ತಲಿಗೆ ಅವತ್ತು ಹೋಗುವಂತಿರಲಿಲ್ಲ. ಅತಿಥಿಗೆ ಅವಳೇ ಸಾರು ಹಾಕಬೇಕು. ಹಾಕಿದಳು. ಕಾಟಲಿಂಗಪ್ಪನವರು ಮುದ್ದೆ ಮುರಿದು, ಹುರುಳಿಕಟ್ಟಿನ ಸಾರಿನಲ್ಲಿ ಅದ್ದಿ ನುಂಗಿ, ಭೇಷ್ ಎಂದರು. ಎರಡನೆಯ ತುತ್ತು ಮುರಿಯುವಾಗ ಪಕ್ಕಕ್ಕೆ ನೋಡಿದರು. ಜುಂಜಣ್ಣ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನ ಆಚೆ ದುರುಗಣ್ಣ, ಅವನ ಆಚೆ ಮೌಲಾ ಸಾಬರು, ಎಲ್ಲರೂ ಹಾಗೇ. ಮುದ್ದೆಗಳ ಮೇಲೆ ಆವಿ ಆಡುತ್ತಿತ್ತು.

"ಯಾಕ್ರಪ್ಪ, ಉಪವಾಸನಾ?" ಎಂದರು ಕಾಟಲಿಂಗಪ್ಪನವರು.

"ಅಮ್ಮ ಇನ್ನೂ ಅರ್ಜಿ ಹಾಕಿಲ್ರಲ್ಲ," ಎಂದ ದುರುಗಣ್ಣ.

ಕಾಟಲಿಂಗಪ್ಪನವರಿಗೆ ನೆನಪಾಯಿತು. ಮುಖ ಅರಳಿತು. ಅವರಲ್ಲಿ ಕೆಡುಕೇನೂ ಇರಲಿಲ್ಲ, ಒಂದು ಒಳ್ಳೆಯ ಮಾತು ನೆನಪಾದ ಖುಷಿ ಅಷ್ಟೆ. "ಓ, ಅದಾ. ನಿಮ್ಮ ಸೊಸೆಮ್ಮ ಹೇಳಿ ನಮ್ಮನ್ನೆಲ್ಲ ಭಾಳ ನಗಿಸಿದ್ರು. ಲಾರಿ ಟೈರಿಗೂ ಪ್ರಾರ್ಥನೆ ಆಗ್ಬೇಕಂತಲ್ಲ ಈ ಮನೆಯಾಗೆ."

ಯಾರೂ ನಗಲಿಲ್ಲ. ಮೌಲಾ ಸಾಬರು ತೊಡೆಯ ಮೇಲಿದ್ದ ಎಡಗೈಯನ್ನು ನಿಧಾನವಾಗಿ ಪಂಚೆಯ ಮಡಿಕೆಯೊಳಗೆ ಸರಿಸಿಕೊಂಡರು. ಆಮೇಲೆ ತಲೆ ಎತ್ತಿ ದೀನಾಳನ್ನು ನೋಡಿದರು.

"ಟೈರಿಗಲ್ಲ ಸಾಹೇಬ್ರೆ," ಎಂದರು. "ಜಾಕಿಗೆ."

ದೀನಾಳ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಎಲ್ಲಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಇವತ್ತು ಅತ್ತೆ ಒಳಗೇ ಹೇಳಿಕೊಳ್ಳುತ್ತಾರೆ, ನೀವು ಊಟ ಮಾಡಿ ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದ್ದೋ ಎನಿಸಿತು.

ಜುಂಜಣ್ಣ ಮುಚ್ಚಿದ ಬಾಗಿಲು ನೋಡಿದ, ಅವಳನ್ನು ನೋಡಿದ. ಅವನಿಗೆ ಏನೂ ಅರ್ಥವಾಗಿರಲಿಲ್ಲ. "ಒಳಗೆ ಹೇಳ್ಕಂಡ್ರೆ ಮುಗಿದಿದ್ದು ನಮಗೆ ಹೆಂಗೆ ಗೊತ್ತಾಗ್ಬೇಕು ತಾಯಿ? ಅಮ್ಮಂಗೆ ಮೈ ಸರಿಯಿಲ್ಲಾಂದ್ರೆ ನೀನೇ ಹೇಳವ್ವ. ಓದಿದೋಳು, ನಿಂಗೇನು."

ಅವಳು ಬಾಯಿ ತೆರೆದಳು. ಚಿಕ್ಕಂದಿನಿಂದ ಬಂದ ಮಾತುಗಳು, ನಿದ್ದೆಗಣ್ಣಲ್ಲೂ ಹೇಳಬಹುದಾದವು. ಒಂದಾದರೂ ಬರಲಿ ಎಂದು ಕಾದಳು. ಬರಲಿಲ್ಲ. ನಾಲ್ಕು ಗಂಡಸರು ತನ್ನ ತೆರೆದ ಬಾಯಿ ನೋಡುತ್ತಿದ್ದಾರೆ ಎಂಬುದೊಂದೇ ತಿಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಳು.

"ಹೋಗ್ಲಿ ಬಿಡು," ಎಂದ ಜುಂಜಣ್ಣ, ಕುರಿಯೊಂದು ಹಳ್ಳ ದಾಟಲು ಹಿಂಜರಿದಾಗ ಹೇಳುವ ಹಾಗೆ. "ನಂಗೆ ಬರ್ತೈತೆ. ಎಂಟು ವರ್ಷ ಕೇಳೀನಿ." ತಲೆಯ ರುಮಾಲು ತೆಗೆದು ಪಕ್ಕಕ್ಕಿಟ್ಟ. ಕಣ್ಣು ಮುಚ್ಚಿದ. ಸುವಾರ್ತಮ್ಮನ ಮಾತನ್ನೇ, ಅವರು ಉಸಿರು ತೆಗೆದುಕೊಳ್ಳುವ ಕಡೆ ತಾನೂ ಉಸಿರು ತೆಗೆದುಕೊಂಡು, ಹೇಳತೊಡಗಿದ.

"ಕರ್ತನೇ, ಈ ಹೊತ್ತಿನ ಅನ್ನಕ್ಕೆ ಸ್ತೋತ್ರ. ಬೆಳೆದೋರಿಗೆ, ಬೀಸಿದೋರಿಗೆ, ಹೊತ್ತು ತಂದೋರಿಗೆ ನಿನ್ನ ಆಶೀರ್ವಾದ ಇರ್ಲಿ. ಜುಂಜಣ್ಣನ ಕುರಿಗೆ ಕಾಲುಬ್ಯಾನೆ ಬರದಂಗೆ ಕಾಯಿ. ದುರುಗಣ್ಣ ಸಂಜೆ ಗ್ಯಾಂಗು ಬಿಟ್ಟು ಬರೋ ದಾರಿಯಾಗೆ ಅವನ ಜೊತೆ ನಡಿ, ಹೆಂಡದಂಗಡಿ ದಾಟೋ ತನಕ ಕೈ ಬಿಡಬ್ಯಾಡ. ಮೌಲಾ ಸಾಬರ ಜಾಕು ಜಾರದಂಗೆ ಹಿಡ್ಕಾ. ಅವರ ಉಳಿದ ಬೆರಳು ನಿನ್ನ ಕೈಯಾಗೆ ಇರ್ಲಿ."

ಇಷ್ಟು ದೀನಾಳಿಗೆ ಗೊತ್ತಿದ್ದದ್ದೇ. ಇಲ್ಲಿಗೆ ಆಮೆನ್ ಎಂದು ಅವಳು ತಿಳಿದಿದ್ದಳು. ಜುಂಜಣ್ಣ ಉಸಿರು ತೆಗೆದುಕೊಂಡ.

"ನಮ್ಮ ದೀನಾ ಹಿತ್ತಲಾಗೆ ಕೈ ತೊಳ್ಕಂತಾ ನಿಂತವ್ಳೆ."

ದುರುಗಣ್ಣ ಅವನ ಮೊಣಕೈ ಮುಟ್ಟಿದ. ಜುಂಜಣ್ಣನ ಮಾತು ಒಂದು ಗಳಿಗೆ ತಡೆಯಿತು. ತಾನು ಎಲ್ಲಿಗೆ ಬಂದಿದ್ದೇನೆಂದು ಅವನಿಗೂ ಹೊಳೆದಿರಬೇಕು. ಆದರೆ ದೊಡ್ಡಿಗೆ ಹೊಡೆಯುವಾಗ ಒಂದು ಕುರಿಯನ್ನು ಹೊರಗೇ ಬಿಟ್ಟು ಬಾಗಿಲು ಹಾಕಿದ ಮನುಷ್ಯನಲ್ಲ ಅವನು. ದನಿ ತಗ್ಗಿಸಿ ಮುಂದುವರಿಸಿದ.

"ಅವಳಿಗೆ ನಿನ್ನ ಮ್ಯಾಲೆ ಸಿಟ್ಟೈತೆ. ಇರ್ಲಿ, ಅದು ನ್ಯಾಯವೇ. ಅವಳನ್ನ ಅವಸರ ಮಾಡಬ್ಯಾಡ. ಅವಳು ಬಾಯಿ ಬಿಡೋ ತನಕ ಅವಳ ಪಾಲಿಂದೂ ನಾನೇ ಹೇಳ್ತೀನಿ, ಅವಳೇ ಹೇಳಿದ್ಲು ಅಂತ ತಗಾ. ಆಮೆನ್."

"ಆಮೆನ್," ಎಂದ ದುರುಗಣ್ಣ. ಮೌಲಾ ಸಾಬರು ಎಂದಿನಂತೆ ಆಮೀನ್ ಎಂದು ಬಲಗೈಯಿಂದ ಮುಖ ಸವರಿಕೊಂಡರು.

ಎರಡು ವರ್ಷ. ಭಾನುವಾರ ಬಿಟ್ಟು ಎಲ್ಲ ದಿನ. ಗೋಡೆಯ ಆಚೆ ಅವಳು ನೀರು ಸುರಿಯುತ್ತಿದ್ದಾಗ ಈಚೆ ಇವರೆಲ್ಲ ಅವಳಿಗಾಗಿ ಮುದ್ದೆ ಆರಲು ಬಿಟ್ಟು ಕುಳಿತಿದ್ದರು. ಮತ್ತೆ ಅವಳು ಬಂದು ಸಾರು ಹಾಕುವಾಗ ಒಬ್ಬನೂ ಕಣ್ಣಲ್ಲಿ ಕೂಡ ತೋರಿಸಿಕೊಂಡಿರಲಿಲ್ಲ. ಹೊಸದುರ್ಗದ ಮಾಳಿಗೆಯಲ್ಲಿ ಅವಳು ನಗಿಸಿದ್ದು ಇವರನ್ನೇ ಆಡಿಕೊಂಡು. ದೀನಾಳ ಕುತ್ತಿಗೆಯಿಂದ ಬಿಸಿ ಏರಿ ಕಿವಿಯಲ್ಲಿ ನಿಂತಿತು. ಬಹಳ ದಿನ ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಆಗುವ ಹಾಗೆ ಅದು ನೋಯುತ್ತಿತ್ತು.

ಬಾಗಿಲು ಕಿರುಗುಟ್ಟಿತು. ಸುವಾರ್ತಮ್ಮ ಹೊರಗೆ ಬಂದರು. ತಲೆಯ ಮೇಲೆ ಸೆರಗಿತ್ತು. ಒಳಗಿಂದ ಎಲ್ಲ ಕೇಳಿಸಿದೆ ಎಂಬುದು ಮುಖದಲ್ಲೇ ಇತ್ತು. ಅವರು ನೇರವಾಗಿ ಅತಿಥಿಯ ಮುಂದೆ ಬಂದು ನಿಂತರು.

"ತಪ್ಪು ತಿಳೀಬ್ಯಾಡ್ರಿ ಸ್ವಾಮಿ. ಇವತ್ತು ಇದು ಬ್ಯಾಡ ಅಂತ ನೀವು ಹೇಳಿಕಳ್ಸಿದ್ರಿ, ಆದ್ರೂ ಹಿಂಗಾತು. ಇವರಿಗೆ ನಾನು ಮೊದ್ಲೇ ಹೇಳಿರಲಿಲ್ಲ."

ಕಾಟಲಿಂಗಪ್ಪನವರು ತುತ್ತು ಹಿಡಿದವರು ಹಾಗೇ ನೋಡಿದರು. "ನಾನಾ? ನಾನೇನೂ ಹೇಳಿಕಳ್ಸಿಲ್ವಲ್ಲಮ್ಮ."

ಸೌಟಿನಿಂದ ಒಂದು ಹನಿ ಸಾರು ದೀನಾಳ ಕಾಲ ಮೇಲೆ ಬಿತ್ತು. ಈಗ ಅತ್ತೆ ತನ್ನ ಕಡೆ ತಿರುಗುತ್ತಾರೆ ಎಂದು ಅವಳು ನೆಲ ನೋಡಿದಳು. ಸುವಾರ್ತಮ್ಮ ತಿರುಗಲಿಲ್ಲ.

"ಹಂಗಾದ್ರೆ ಒಳ್ಳೇದಾತು," ಎಂದರು. "ಸಾರು ಆರ್ತೈತೆ, ಉಣ್ರಿ. ಇನ್ನೊಂದು ಮುದ್ದೆ ಹಾಕ್ಲಾ?"

ಊಟ ನಡೆಯಿತು. ಮಾತು ಹೆಚ್ಚು ನಡೆಯಲಿಲ್ಲ. ಕಾಟಲಿಂಗಪ್ಪನವರು ಎರಡು ಮುದ್ದೆ ಉಂಡು, ಕೈ ತೊಳೆಯಲು ಹಿತ್ತಲಿಗೆ ಬಂದರು. ದೀನಾ ಚೊಂಬಿನಲ್ಲಿ ನೀರು ಹಾಕಿದಳು. ಅದೇ ಕಲ್ಲು. ಅವರು ಬೆರಳು ಉಜ್ಜುತ್ತ, ಅವಳ ಮುಖ ನೋಡದೆ, ಹೊಸದುರ್ಗದಲ್ಲಿ ಹೇಳಿದ್ದು ನಿಜವೇ ಎಂದು ಕೇಳಿದರು.

"ಕಣ್ಣು ಮುಚ್ಚಲ್ಲ ಅಂದದ್ದು ನಿಜ ಸರ್," ಎಂದಳು. "ಟೈರು ಅಂದದ್ದು ಸುಳ್ಳು. ನಿಮ್ಮನ್ನು ನಗಿಸುವುದಕ್ಕೆ ಹೇಳಿದೆ. ಅತ್ತೆಗೂ ಸುಳ್ಳು ಹೇಳಿದೆ."

"ಅದು ತಿಳೀತು. ಶಾಲೆಗೆ ಬಂದ್ರೆ ಇದನ್ನೆಲ್ಲ ಹೊರಗಿಟ್ಟು ಬರ್ತೀರಿ ತಾನೇ? ಒಂದು ಮಾತು ಕೊಡ್ರಿ, ನಾಳೆನೇ ಆರ್ಡರು ಬರಸ್ತೀನಿ."

ಒಂದು ಮಾತು. ಕೊಡಬಹುದಿತ್ತು. ಒಳಗಿಡುವುದಕ್ಕೂ ಹೊರಗಿಡುವುದಕ್ಕೂ ಅವಳ ಹತ್ತಿರ ಏನೂ ಇರಲಿಲ್ಲ. ಆದರೆ ಇನ್ನೊಬ್ಬರು ಅವಳ ಹೆಸರಿನಲ್ಲಿ ಎರಡು ವರ್ಷ ಇಟ್ಟು ಕಾಯ್ದದ್ದಿತ್ತು. ಅದನ್ನು ಕೊಟ್ಟುಬಿಡಲು ಅವಳದಲ್ಲ ಎನಿಸಿತು.

"ನನಗೆ ಪ್ರಾರ್ಥನೆ ಬರಲ್ಲ ಸರ್. ನೀವೇ ನೋಡಿದಿರಿ. ಆದರೆ ಅದು ಬಂದ ದಿನ ಇಲ್ಲ ಅನ್ನುವುದಕ್ಕೆ ಈಗ ಮಾತು ಕೊಡಲಾರೆ."

ಕಾಟಲಿಂಗಪ್ಪನವರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ಪಾಠ ಹೇಳುವವರು ಹೀಗೆ ಗಟ್ಟಿ ಇರಬೇಕು, ಆದರೆ ನಮ್ಮ ಶಾಲೆಯದೂ ಒಂದು ಗಟ್ಟಿ 'ಇಲ್ಲ' ಇದೆಯಮ್ಮ ಎಂದರು. ಸುವಾರ್ತಮ್ಮನಿಗೆ ಕೈಮುಗಿದು, ಹಿರಿಯೂರಿನ ಬಸ್ಸಿಗೆ ಹೋದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಪಾತ್ರೆ ತೊಳೆಯುವಾಗ ಅವಳು ಅತ್ತೆಯ ಪಕ್ಕದಲ್ಲಿ ಕುಳಿತು, ತಪ್ಪಾಯಿತು ಎಂದು ಶುರುಮಾಡಿದಳು. ಸುವಾರ್ತಮ್ಮ ತಟ್ಟೆಗೆ ಬೂದಿ ಹಚ್ಚುತ್ತಲೇ ಇದ್ದರು.

"ನಂಗೆ ಆಮ್ಯಾಲೆ ಹೇಳೀಯಂತೆ. ನಾನು ಎಲ್ಲೋಗ್ತೀನಿ. ಮೊದ್ಲು ಸಾಬರ ಹತ್ರ ಹೋಗು."

ಮೌಲಾ ಸಾಬರು ಲಾರಿಯೊಂದರ ಕೆಳಗೆ ಕುಳಿತು ಜಾಕು ಏರಿಸುತ್ತಿದ್ದರು. ದೀನಾ ಬಿಸಿಲಲ್ಲಿ ನಿಂತು, ನಿಂತಲ್ಲೇ ಹೇಳಿದಳು. ಹೊಸದುರ್ಗದಲ್ಲಿ ಏನಂದಳು, ಯಾಕಂದಳು, ಎಲ್ಲ. ಕೆಲಸಕ್ಕಾಗಿ ಎನ್ನುವ ಮಾತು ಬಾಯಿಂದ ಹೊರಬಿದ್ದಾಗ ಬಹಳ ಸಣ್ಣದಾಗಿ ಕೇಳಿಸಿತು. ಸಾಬರು ಕೈ ನಿಲ್ಲಿಸಿ ಕೇಳಿದರು.

"ನಕ್ಕರಾ ಅವರು?"

"ನಕ್ಕರು."

"ಚೆನ್ನಾಗಿ ನಕ್ಕರಾ?"

"ಹೂಂ. ಒಬ್ಬರು ಮೇಜು ಕುಟ್ಟಿ ನಕ್ಕರು."

ಸಾಬರು ತಲೆಯಾಡಿಸಿದರು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಅವಳಿಗಿರಲಿಲ್ಲ. "ಟೈರಿಗೂ ಒಂದು ಮಾತು ಹೇಳ್ರಿ ಅಂತ ಅಮ್ಮಂಗೆ ಹೇಳ್ತೀನಿ ಬಿಡ್ರಿ," ಎಂದರು ಸಾಬರು. "ರೈಲು ನಿಂತು ಲಾರಿ ಜಾಸ್ತಿ ಆಗಿ, ಈ ಬಿಸಿಲಿಗೆ ಭಾಳ ಸಿಡೀತಾವೆ." ನಗಲಿಲ್ಲ. ಮೂರು ಬೆರಳಿನ ಕೈಯಿಂದ ಜಾಕನ್ನು ಹಿಡಿದು ಮತ್ತೆ ಏರಿಸತೊಡಗಿದರು.

ಹದಿನೈದು ದಿನದ ಮೇಲೆ ಹೊಸದುರ್ಗದಿಂದ ಕಾರ್ಡು ಬಂತು. ಹೊಳಲ್ಕೆರೆಯವರನ್ನು ತೆಗೆದುಕೊಂಡಿದ್ದೇವೆ ಎಂದಿತ್ತು. ದೀನಾ ಅದನ್ನು ಅತ್ತೆಗೆ ಓದಿ ಹೇಳಿದಳು. ಸುವಾರ್ತಮ್ಮ, ಆ ಹುಡುಗಿಗೂ ಏನು ಕಷ್ಟವಿತ್ತೋ ಎಂದರು. ಒಂದು ಗಂಟೆಯಾಗಿತ್ತು. ಅವರು ಮುದ್ದೆ ಬಡಿಸಲು ಎದ್ದರು.

ಆ ಹದಿನೈದು ದಿನವೂ ದೀನಾ ಮುದ್ದೆ ಬಿದ್ದೊಡನೆ ಹಿತ್ತಲಿಗೇ ಹೋಗಿದ್ದಳು. ಗುರುವಾರದ ಮರುದಿನದಿಂದಲೇ ಹೋಗದಿರಬೇಕು ಎಂದುಕೊಂಡಿದ್ದಳು, ಆಗಿರಲಿಲ್ಲ. ಒಳಗೆ ಏನು ಹೇಳುತ್ತಾರೆಂದು ತಿಳಿದ ಮೇಲೆ, ಎದುರಿಗೆ ನಿಲ್ಲುವುದು ಹಿಂದಿಗಿಂತ ಕಷ್ಟವಾಗಿತ್ತು. ಇವತ್ತೂ ಕಾಲು ಆ ಕಡೆ ತಿರುಗಿತು. ಅವಳು ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು, ನಿಂತಳು. ಬೆರಳಲ್ಲಿ ಮೆತ್ತಿದ್ದ ಹಿಟ್ಟು ಒಣಗುತ್ತಿತ್ತು.

ಸುವಾರ್ತಮ್ಮ ಸೆರಗು ಹೊದ್ದರು. ಅನ್ನಕ್ಕಾಯಿತು, ಕುರಿಗಾಯಿತು, ದುರುಗಣ್ಣನಿಗಾಯಿತು, ಜಾಕಿಗಾಯಿತು. ಅವರು ಉಸಿರು ತೆಗೆದುಕೊಂಡರು. ತನ್ನ ಹೆಸರು ಬಿಡುತ್ತಾರೇನೋ ಎಂದು ದೀನಾ ಕಾದಳು. ಬಿಟ್ಟರೆ ಸಾಕು ಎಂದೂ, ಬಿಡದಿರಲಿ ಎಂದೂ ಒಟ್ಟಿಗೇ ಅನಿಸಿತು.

"ನಮ್ಮ ದೀನಾ ಬಾಗಿಲಾಗೆ ನಿಂತವ್ಳೆ," ಎಂದರು ಸುವಾರ್ತಮ್ಮ.

ಉಳಿದದ್ದೆಲ್ಲ ಇದ್ದ ಹಾಗೇ. ಸಿಟ್ಟು, ನ್ಯಾಯ, ಅವಸರ ಮಾಡಬೇಡ, ಅವಳ ಪಾಲಿನದು. ನಡುಮನೆಯಲ್ಲಿ ಮೂರು ತಲೆ ಬಗ್ಗಿದ್ದವು. ಒಂದೂ ಇತ್ತ ತಿರುಗಲಿಲ್ಲ. ಅವಳಿಗೆ ಆಮೆನ್ ಎನ್ನಲು ಆಗಲಿಲ್ಲ. ಮುಖ ಸುಡುತ್ತಿತ್ತು. ಆದರೂ ಕೈ ಚೌಕಟ್ಟು ಬಿಡಲಿಲ್ಲ.

ಮುಗಿದ ಮೇಲೆ ಮೌಲಾ ಸಾಬರು ತಲೆ ಎತ್ತದೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಸಾರು ಹಾಕುವವಳು ಅವಳೇ. ಅವಳು ಸೌಟು ಎತ್ತಿಕೊಂಡು ಹೋದಳು.